ಕಂಪ್ಯೂಟರ್ ಆನ್ ಆಗ್ತಿಲ್ವಾ? ಗೋಡೆಯಿಂದ ಶುರು ಮಾಡಿ

ಕೇಳುಗರಿಗೆಲ್ಲ ನಮಸ್ಕಾರ. ಮುಂಬಯಿ ಕಡೆಯ ಮಾಟುಂಗ, ಗೋರೆಗಾಂವ್, ಠಾಣೆ, ಡೊಂಬಿವಲಿ, ನೀವು ಎಲ್ಲೇ ಇರಿ, ಇವತ್ತಿನ ಮಾತು ಮನೆಯಲ್ಲೋ ಅಂಗಡಿಯಲ್ಲೋ ಡೆಸ್ಕ್‌ಟಾಪ್ ಕಂಪ್ಯೂಟರ್ ಇಟ್ಟುಕೊಂಡವರಿಗೆ. ರಾತ್ರಿ ಸರಿಯಾಗಿಯೇ ಇತ್ತು. ಬೆಳಿಗ್ಗೆ ಬಟನ್ ಒತ್ತುತ್ತೀರಿ. ಸದ್ದಿಲ್ಲ, ಲೈಟಿಲ್ಲ, ಒಳಗಿನ ಫ್ಯಾನ್ ಕೂಡ ತಿರುಗುತ್ತಿಲ್ಲ. ಏನು ಮಾಡಬೇಕು?

ಗೋಡೆಯಿಂದ ಶುರು ಮಾಡಿ. ಸ್ಕ್ರೂಡ್ರೈವರ್ ತರಬೇಡಿ, ಯಾರಿಗೂ ಫೋನ್ ಮಾಡಬೇಡಿ. ಕರೆಂಟ್ ಗೋಡೆಯಿಂದ ಹೊರಟು ಕಂಪ್ಯೂಟರಿಗೆ ಬರುತ್ತದೆ ಅಲ್ವಾ? ನೀವೂ ಅದೇ ದಾರಿಯಲ್ಲಿ ಬನ್ನಿ. ನಲ್ಲಿಯಲ್ಲಿ ನೀರು ಬರದಿದ್ದರೆ ಮೊದಲು ಟೆರೇಸಿಗೆ ಹೋಗಿ ಟ್ಯಾಂಕ್ ನೋಡುತ್ತೀರಿ, ನಲ್ಲಿಯನ್ನೇ ಕಿತ್ತು ಬಿಸಾಡುವುದಿಲ್ಲ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಗ್ರ್ಯಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿನಲ್ಲಿ ದಿನವೂ ನೋಡುತ್ತೇನೆ. ರಸ್ತೆಯ ಹೆಸರು ಡಾಕ್ಟರ್ ಭಡಕಮ್‌ಕರ್ ಮಾರ್ಗ, ಆದರೆ ಕಂಪ್ಯೂಟರ್ ಸಾಮಾನು ಬೇಕಾದವರಿಗೆಲ್ಲ ಅದು ಲ್ಯಾಮಿಂಗ್ಟನ್ ರೋಡೇ. ಜನ ಅಷ್ಟು ಭಾರದ ಕ್ಯಾಬಿನೆಟ್ಟನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಲೋಕಲ್ ಟ್ರೈನಿನಲ್ಲಿ ಹೊತ್ತು ತರುತ್ತಾರೆ. ಅಂಗಡಿಯ ವೈರ್ ಚುಚ್ಚಿ ಬಟನ್ ಒತ್ತಿದ ಕೂಡಲೇ ಆನ್! ಅವರು ಕಣ್ಣು ಬಿಟ್ಟು ನೋಡುತ್ತಾರೆ. ಕಂಪ್ಯೂಟರಿಗೆ ಏನೂ ಆಗಿಲ್ಲ. ಕೆಟ್ಟಿದ್ದು ಮನೆಯ ಗೋಡೆಯಲ್ಲಿ. ಅದನ್ನು ಹೊತ್ತು ತರಲು ಆಗುವುದಿಲ್ಲವಲ್ಲ!

ಡೊಂಬಿವಲಿ ಪೂರ್ವದ ಒಂದು ಸಂಗತಿ ಹೇಳಲೇಬೇಕು. ಹುಬ್ಬಳ್ಳಿ ಕಡೆಯ ಒಬ್ಬ ಅಕ್ಕ, ಸಣ್ಣ ವ್ಯಾಪಾರಿಗಳ ಲೆಕ್ಕ ಬರೆದುಕೊಡುವ ಆಫೀಸು ಅವರದು. ತಿಂಗಳ 20ನೇ ತಾರೀಕು. ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಕಡೇ ದಿನ. ಅವತ್ತೇ ಕಂಪ್ಯೂಟರ್ ಆನ್ ಆಗಲಿಲ್ಲ. ರಿಪೇರಿಯವನೊಬ್ಬ ಬಂದು ನೋಡದೆ ಫೋನಿನಲ್ಲೇ ಹೇಳಿಬಿಟ್ಟಿದ್ದ, ಮದರ್‌ಬೋರ್ಡ್ ಅಂದರೆ ಒಳಗಿನ ಮುಖ್ಯ ಬೋರ್ಡೇ ಹೋಗಿದೆ, ಹೊಸದು ಹಾಕಬೇಕು ಅಂತ. ನಾನು ಹೋದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದರು. "ಅಣ್ಣಾರ, ಮಾನಿಟರ್ ಹತ್ತೇತಿ ನೋಡ್ರಿ. ಕರೆಂಟ್ ಐತಿ. ಸಿಪಿಯುನ ಹೋಗೇತಿ" ಅಂದರು.

ಮಾನಿಟರ್ ಹೊತ್ತಿಕೊಂಡಿದ್ದು ನಿಜ. ಪರದೆಯ ಮೇಲೆ 'ನೋ ಸಿಗ್ನಲ್' ಅಂತ ಓಡಾಡುತ್ತಿತ್ತು. ಮಾನಿಟರ್, ಕಂಪ್ಯೂಟರ್ ಎರಡಕ್ಕೂ ಮೇಜಿನ ಕೆಳಗಿನ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿನಿಂದ ಕರೆಂಟ್. ಬಾಕ್ಸಿನ ಕೆಂಪು ಲೈಟೂ ಉರಿಯುತ್ತಿತ್ತು. ಇದನ್ನೆಲ್ಲ ನೋಡಿದರೆ ಯಾರಿಗಾದರೂ ಕಂಪ್ಯೂಟರೇ ಸತ್ತಿದೆ ಅನ್ನಿಸುತ್ತದೆ. ನಾನು ಮೇಜಿನ ಕೆಳಗೆ ನುಗ್ಗಿ ಒಂದೇ ಕೆಲಸ ಮಾಡಿದೆ. ಕಂಪ್ಯೂಟರಿನ ಪ್ಲಗ್ ಕಿತ್ತು, ಆ ತೂತಿಗೆ ಮಾನಿಟರಿನ ಪ್ಲಗ್ ಹಾಕಿದೆ. ಮಾನಿಟರ್ ಆರಿಹೋಯಿತು!

ಕಿತ್ತ ಪ್ಲಗ್ಗನ್ನು ಬೆಳಕಿಗೆ ಹಿಡಿದೆ. ಒಂದು ಪಿನ್ ಹಿತ್ತಾಳೆ ಬಣ್ಣದಲ್ಲೇ ಇತ್ತು, ಇನ್ನೊಂದು ಕಂದು ತಿರುಗಿ ಕಪ್ಪಾಗಿತ್ತು. ಬಾಕ್ಸಿನ ಆ ತೂತಿನ ಅಂಚು ಕರಗಿ ಉಬ್ಬಿತ್ತು. ಮೂಗಿನ ಹತ್ತಿರ ತಂದರೆ ಸುಟ್ಟ ಪ್ಲಾಸ್ಟಿಕ್ ವಾಸನೆ. "ಅಕ್ಕಾರೇ, ಇಲ್ಲಿ ಬೇರೆ ಏನು ಹಾಕ್ತೀರಿ?" ಎಂದು ಕೇಳಿದೆ. ಆಫೀಸಿನ ಹುಡುಗ ಮೆಲ್ಲಗೆ ಮೂಲೆಯಲ್ಲಿದ್ದ ಚಹಾದ ಕೆಟಲ್ ತೋರಿಸಿದ. ಅದರ ತಳ ತಿರುಗಿಸಿ ಓದಿದೆ, 1500 ವಾಟ್. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಲೆಕ್ಕ ಹಾಕಿ, ಕೆಟಲ್ ಎಳೆಯುವುದು ಆರೂವರೆ ಆಂಪಿಯರ್. ಬಾಕ್ಸ್ 6 ಆಂಪಿಯರಿನದು. ದಿನಾ ಚಹಾ ಮಾಡಿ ಮಾಡಿ ಒಳಗಿನ ಹಿತ್ತಾಳೆ ಪಟ್ಟಿ ಕಾದು ಸಡಿಲವಾಗಿ, ಕೊನೆಗೆ ಸುಟ್ಟೇ ಹೋಗಿತ್ತು. ಹೊಸ ವೈರ್ ತಂದು, ಕಂಪ್ಯೂಟರನ್ನು ನೇರ ಗೋಡೆಯ ಸಾಕೆಟ್ಟಿಗೆ ಹಾಕಿದೆ. ಫ್ಯಾನ್ ಗುಂಯ್ ಅಂತ ತಿರುಗಿತು. ರಿಟರ್ನೂ ಅವತ್ತೇ ಹೋಯಿತು. ಮದರ್‌ಬೋರ್ಡಿನ ದುಡ್ಡು ಅಕ್ಕನ ಕೈಯಲ್ಲೇ ಉಳಿಯಿತು.

ಹಾಗಾಗಿ ದಯವಿಟ್ಟು ಕೇಳಿ. ಬಾಕ್ಸಿನ ಲೈಟ್ ಉರಿಯುತ್ತಿದೆ ಅಂದರೆ ಆ ತೂತಿನಲ್ಲಿ ಕರೆಂಟ್ ಇದೆ ಎಂದು ಅರ್ಥವಲ್ಲ. ಕಂಪ್ಯೂಟರ್ ಹಾಕಿದ್ದ ಅದೇ ತೂತಿಗೆ ಟೇಬಲ್ ಫ್ಯಾನ್ ಹಾಕಿ ನೋಡಿ. ಫ್ಯಾನ್ ತಿರುಗಿತಾ? ಸರಿ, ಈಗ ವೈರಿಗೆ ಬನ್ನಿ. ಸಾಮಾನ್ಯವಾಗಿ ಮಾನಿಟರಿನ ಪವರ್ ವೈರೂ ಕಂಪ್ಯೂಟರಿನದೂ ಒಂದೇ ತರಹ. ಅದಲು ಬದಲು ಮಾಡಿ. ಹಿಂದುಗಡೆ ಚುಚ್ಚುವಾಗ ಪೂರ್ತಿ ಒಳಗೆ ಹೋಗುವ ತನಕ ಒತ್ತಿ. ಕಸ ಗುಡಿಸುವಾಗ ಪೊರಕೆ ತಾಗಿ ಅದು ಅರ್ಧ ಹೊರಗೆ ಬಂದಿರುತ್ತದೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಎಷ್ಟೋ ಕಂಪ್ಯೂಟರುಗಳಲ್ಲಿ ಅದರ ಪಕ್ಕದಲ್ಲೇ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ ಗೀಟು, ಒಂದು ಕಡೆ ಸೊನ್ನೆ. ಗೀಟಿನ ಕಡೆ ಒತ್ತಿರಬೇಕು.

ನಡುವೆ ಯುಪಿಎಸ್, ಅಂದರೆ ಕರೆಂಟ್ ಹೋದಾಗ ಬ್ಯಾಟರಿಯಿಂದ ಕಂಪ್ಯೂಟರ್ ನಡೆಸುವ ಡಬ್ಬಿ, ಇದ್ದರೆ ಅದನ್ನು ತೆಗೆದು ಪಕ್ಕಕ್ಕಿಡಿ. ಮುಂಬಯಿ ಶಹರದಲ್ಲಿ ಕರೆಂಟ್ ಹೋಗುವುದು ಕಡಿಮೆ, ಹಾಗಾಗಿ ಯುಪಿಎಸ್ ಇದೆ ಅನ್ನುವುದೇ ಮರೆತು ಹೋಗಿರುತ್ತದೆ. ಅದರ ಬ್ಯಾಟರಿಯ ಆಯಸ್ಸು ಸುಮಾರು ಎರಡು ಮೂರು ವರ್ಷ. ಬ್ಯಾಟರಿ ಸತ್ತರೆ ಎಷ್ಟೋ ಯುಪಿಎಸ್‌ಗಳು ಗೋಡೆಯಲ್ಲಿ ಕರೆಂಟ್ ಇದ್ದರೂ ಚಾಲೂ ಆಗುವುದಿಲ್ಲ. ಕಂಪ್ಯೂಟರನ್ನು ನೇರ ಗೋಡೆಗೇ ಹಾಕಿ.

ಸಮಯ ಕಡಿಮೆ ಇದೆ, ಒಳಗಿನ ಮಾತು ಬೇಗ ಹೇಳುತ್ತೇನೆ. ಗೋಡೆಯಿಂದ ಇಲ್ಲಿಯವರೆಗೆ ಎಲ್ಲ ಸರಿ ಇದೆ ಅಂದರೆ, ಪ್ಲಗ್ ಪೂರ್ತಿ ಕಿತ್ತು, ಮುಂದಿನ ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಇಳಿಯುತ್ತದೆ. ಮತ್ತೆ ಪ್ಲಗ್ ಹಾಕಿ ಒತ್ತಿ. ಜೋರಾಗಿ ಮಳೆ, ಗುಡುಗು ಆದ ಮರುದಿನ ಎಷ್ಟೋ ಸಲ ಇಷ್ಟಕ್ಕೇ ಆನ್ ಆಗುತ್ತದೆ. ಆಗಲಿಲ್ಲವಾ? ಹಿಂದೆ ಇಂಟರ್ನೆಟ್ ವೈರ್ ಚುಚ್ಚುವ ಜಾಗದಲ್ಲಿ ಲೈಟ್ ಇದೆಯಾ ನೋಡಿ. ಇದ್ದರೆ ಬೋರ್ಡಿನ ತನಕ ಕರೆಂಟ್ ಬಂದಿದೆ, ಬರೀ ಮುಂದಿನ ಬಟನ್ ಕೆಟ್ಟಿರಬಹುದು. ಅದು ಸಣ್ಣ ಖರ್ಚು. ಎಲ್ಲೂ ಲೈಟಿಲ್ಲ ಅಂದರೆ ಅನುಮಾನ ಎಸ್‌ಎಂಪಿಎಸ್ ಮೇಲೆ. ಪವರ್ ವೈರ್ ಚುಚ್ಚುತ್ತೀರಲ್ಲ, ಆ ಲೋಹದ ಡಬ್ಬಿ. ಅದನ್ನು ಮನೆಯಲ್ಲಿ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು. ಡಬ್ಬಿಯನ್ನು ಹಾಗೇ ಬದಲಾಯಿಸಿದರೆ ಆಯಿತು.

ಫ್ಯಾನ್ ತಿರುಗುತ್ತಿದೆ, ಪರದೆ ಮಾತ್ರ ಕಪ್ಪು ಅಂದರೆ ಅದು ಬೇರೆಯೇ ಕಾಯಿಲೆ. ಸಮುದ್ರದ ಗಾಳಿಗೆ, ಬೋರ್ಡಿಗೆ ಚುಚ್ಚಿರುವ ಮೆಮರಿ ಪಟ್ಟಿ, ಅಂದರೆ ರ್‍ಯಾಮ್ ತುದಿಯಲ್ಲಿ ಕಿಲುಬು ಹಿಡಿಯುತ್ತದೆ. ಪ್ಲಗ್ ಕಿತ್ತಿಟ್ಟು, ರ್‍ಯಾಮ್ ಹೊರಗೆ ತೆಗೆದು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಮತ್ತೆ ಕಟ್ ಅನ್ನುವ ಹಾಗೆ ಕೂರಿಸಿ.

ಇನ್ನೊಂದು ಮಾತು. ಕಂಪ್ಯೂಟರ್ ಆನ್ ಆಗದಿದ್ದರೆ ಫೋಟೋ, ಲೆಕ್ಕ ಎಲ್ಲ ಹೋಯಿತು ಎಂದು ಅಳುವವರನ್ನು ನೋಡಿದ್ದೇನೆ. ಅವೆಲ್ಲ ಹಾರ್ಡ್ ಡಿಸ್ಕಿನಲ್ಲಿವೆ. ಸುಟ್ಟಿದ್ದು ಸಾಕೆಟ್ಟಾದರೆ, ವೈರಾದರೆ, ಡಿಸ್ಕಿನಲ್ಲಿ ಇದ್ದದ್ದು ಹಾಗೇ ಇರುತ್ತದೆ. ಪವರ್ ಬಾರದ ಕಂಪ್ಯೂಟರ್ ನೋಡಿ ಯಾರಾದರೂ ಫಾರ್ಮ್ಯಾಟ್ ಮಾಡಬೇಕು, ಅಂದರೆ ಡಿಸ್ಕಿನಲ್ಲಿ ಇರುವುದನ್ನೆಲ್ಲ ಅಳಿಸಬೇಕು, ಅಂತ ಹೇಳಿದರೆ ಕೈ ಇಡಲು ಬಿಡಬೇಡಿ. ಕರೆಂಟ್ ಬಾರದಿರುವುದಕ್ಕೂ ಫಾರ್ಮ್ಯಾಟಿಗೂ ಏನೇನೂ ಸಂಬಂಧವಿಲ್ಲ. "ಗೋಡೆಯಿಂದ ನೋಡ್ಕೊಂಡು ಬಂದ್ರಾ?" ಎಂದು ಅವರನ್ನೇ ಕೇಳಿ. ನಮಸ್ಕಾರ.