ಹದಿಮೂರು ಟಿಕೆಟ್ಟು, ನಾಲ್ಕು ಕೋಟಿ ಡಾಲರು

ಕೇಳುಗರಿಗೆ ನಮಸ್ಕಾರ.

ದೊಡ್ಡ ಕಂಪನಿಗಳು ರಾಜಕೀಯದ ಬಗ್ಗೆ ಬಾಯಿ ಬಿಡಬೇಕೋ ಬೇಡವೋ ಎಂಬ ಚರ್ಚೆ ಹೆಚ್ಚಾಗಿ ಆದರ್ಶದ ಮಾತಿನಲ್ಲೇ ಮುಗಿದುಹೋಗುತ್ತದೆ. ಇವತ್ತು ಅದನ್ನು ಲೆಕ್ಕದ ಪುಸ್ತಕ ಬಿಡಿಸಿಟ್ಟುಕೊಂಡು ನೋಡೋಣ. ಅದಕ್ಕೆ ಆರಿಸಿಕೊಂಡಿರುವುದು ಅಮೆರಿಕದ ಡೆಲ್ಟಾ ಏರ್‌ಲೈನ್ಸ್. ಅದರ ಪ್ರಧಾನ ಕಚೇರಿ 1941ರಿಂದ ಇರುವುದು ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ. ರಾಜ್ಯದ ಅತಿ ದೊಡ್ಡ ಖಾಸಗಿ ಉದ್ಯೋಗದಾತರಲ್ಲಿ ಅದೂ ಒಂದು.

ಮೊದಲು ಇಂಧನದ ಮಾತು. ಮುಂದಿನ ಜಗಳವೆಲ್ಲ ಸುತ್ತುವುದು ಇದರ ಸುತ್ತಲೇ.

ವಿಮಾನ ಕಂಪನಿಗೆ ಸಿಬ್ಬಂದಿಯ ಸಂಬಳ ಬಿಟ್ಟರೆ ಅತಿ ದೊಡ್ಡ ಖರ್ಚು ಜೆಟ್ ಇಂಧನದ್ದು. ಆ ಖರ್ಚಿನ ಚಿಂತೆ ಎಷ್ಟಿತ್ತೆಂದರೆ 2012ರಲ್ಲಿ ಡೆಲ್ಟಾ ಪೆನ್ಸಿಲ್ವೇನಿಯಾದ ಟ್ರೇನರ್ ಎಂಬಲ್ಲಿದ್ದ ತೈಲ ಶುದ್ಧೀಕರಣ ಘಟಕವನ್ನೇ ಕೊಂಡುಕೊಂಡಿತು. 2018ರ ಹೊತ್ತಿಗೆ ಜಾರ್ಜಿಯಾದಲ್ಲಿ ಜೆಟ್ ಇಂಧನದ ಮೇಲೆ ರಾಜ್ಯದ ಮಾರಾಟ ತೆರಿಗೆ ಶೇಕಡ 4 ಇತ್ತು. ಕೇಳಲು ಸಣ್ಣದು. ಒಂದು ವಿಮಾನಕ್ಕೆ 5,000 ಗ್ಯಾಲನ್ ತುಂಬಿಸಿದರು, ಗ್ಯಾಲನ್ನಿಗೆ 2 ಡಾಲರ್ ದರ ಎಂದು ಇಟ್ಟುಕೊಳ್ಳಿ. ಬಿಲ್ಲು 10,000 ಡಾಲರ್, ತೆರಿಗೆ 400. ಅದು ಒಂದು ಹಾರಾಟದ ಲೆಕ್ಕ. ಅಟ್ಲಾಂಟಾದಿಂದ ಡೆಲ್ಟಾ ವಿಮಾನಗಳು ದಿನಕ್ಕೆ ನೂರಾರು ಸಲ ಮೇಲೇರುತ್ತವೆ. ಹೀಗೆ ಕೂಡುತ್ತಾ ಹೋದಾಗ, ಈ ತೆರಿಗೆಯಿಂದ ವಿನಾಯಿತಿ ಸಿಕ್ಕರೆ ಡೆಲ್ಟಾಗೆ ವರ್ಷಕ್ಕೆ ಸುಮಾರು 4 ಕೋಟಿ ಡಾಲರ್ ಉಳಿಯುತ್ತದೆ ಎಂಬ ಅಂದಾಜು 2018ರಲ್ಲಿ ಚಾಲ್ತಿಯಲ್ಲಿತ್ತು.

ತೆರಿಗೆ ಜಾಸ್ತಿ ಇದ್ದರೆ ಪಕ್ಕದ ರಾಜ್ಯದಲ್ಲಿ ಇಂಧನ ತುಂಬಿಸಿಕೊಂಡು ಬರಬಹುದಲ್ಲ ಎನ್ನಬಹುದು. ಬರಬಹುದು, ಅದಕ್ಕೆ ಟ್ಯಾಂಕರಿಂಗ್ ಎನ್ನುತ್ತಾರೆ. ಆದರೆ ಹೆಚ್ಚುವರಿಯಾಗಿ ಹೊತ್ತ ಇಂಧನದಲ್ಲಿ ಗಂಟೆಗೆ ಸುಮಾರು ಶೇಕಡ 3ರಷ್ಟು ಅದನ್ನು ಹೊರುವುದಕ್ಕೇ ಉರಿದುಹೋಗುತ್ತದೆ. ಮೂರು ನಾಲ್ಕು ಗಂಟೆಯ ಹಾರಾಟದಲ್ಲಿ ಶೇಕಡ 4ರ ಉಳಿತಾಯ ಹೇಳಹೆಸರಿಲ್ಲದಂತಾಗುತ್ತದೆ. ಇನ್ನು ಹಬ್, ಅಂದರೆ ಕಂಪನಿಯ ಕೇಂದ್ರ ವಿಮಾನ ನಿಲ್ದಾಣ, ಅದರ ಸ್ಥಳಾಂತರದ ಮಾತು ದೂರವೇ ಉಳಿಯಿತು. ಸಾಫ್ಟ್‌ವೇರ್ ಕಂಪನಿ ಮುನಿಸಿಕೊಂಡು ಊರು ಬಿಡಬಹುದು. ಗೇಟುಗಳು, ಹ್ಯಾಂಗರ್‌ಗಳು, ದುರಸ್ತಿ ಶೆಡ್ಡುಗಳು, ಒಂದಕ್ಕೊಂದು ಹೊಂದಿಸಿದ ಸಂಪರ್ಕ ವಿಮಾನಗಳ ವೇಳಾಪಟ್ಟಿ, ಇವನ್ನೆಲ್ಲ ಕಟ್ಟಿಕೊಂಡು ವಿಮಾನ ಕಂಪನಿ ಹೊರಡಲಾರದು. ರಾಜಕಾರಣಿಗಳಿಗೆ ಇದು ಚೆನ್ನಾಗಿ ಗೊತ್ತು.

ಈ ವಿನಾಯಿತಿಗೂ ಒಂದು ಚರಿತ್ರೆಯಿದೆ. 2005ರಲ್ಲಿ ಡೆಲ್ಟಾ ದಿವಾಳಿಯ ಅಂಚಿಗೆ ಬಂದಾಗ ರಾಜ್ಯ ಅದನ್ನು ಕೊಟ್ಟಿತು. ಕಂಪನಿ ಚೇತರಿಸಿಕೊಂಡು ಲಾಭಕ್ಕೆ ಬಂದ ಮೇಲೆ 2015ರಲ್ಲಿ ಶಾಸಕರು ಕಿತ್ತುಕೊಂಡರು. ಅದನ್ನು ಮರಳಿ ತರುವ ಮಸೂದೆ 2018ರ ಫೆಬ್ರವರಿಯಲ್ಲಿ ಹೆಚ್ಚುಕಡಿಮೆ ದಡ ಮುಟ್ಟಿತ್ತು.

ಆ ಫೆಬ್ರವರಿ 14ರಂದು ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನಲ್ಲಿ ಒಂದು ಪ್ರೌಢಶಾಲೆಗೆ ನುಗ್ಗಿದ ಬಂದೂಕುಧಾರಿ 17 ಜನರನ್ನು ಕೊಂದ. ಬಂದೂಕು ಮಾಲೀಕರ ಸಂಘಟನೆ ನ್ಯಾಷನಲ್ ರೈಫಲ್ ಅಸೋಸಿಯೇಷನ್, ಅಂದರೆ ಎನ್‌ಆರ್‌ಎ, ಜೊತೆ ವ್ಯವಹಾರವಿದ್ದ ಕಂಪನಿಗಳ ಮೇಲೆ ಒತ್ತಡ ಶುರುವಾಯಿತು. ಎನ್‌ಆರ್‌ಎ ವಾರ್ಷಿಕ ಸಮ್ಮೇಳನಕ್ಕೆ ಹೋಗುವವರಿಗೆ ಡೆಲ್ಟಾ ಟಿಕೆಟ್ ದರದಲ್ಲಿ ರಿಯಾಯಿತಿ ಇಟ್ಟಿತ್ತು. ಇದರಲ್ಲಿ ವಿಶೇಷವೇನೂ ಇಲ್ಲ. ವೈದ್ಯರ ಸಮ್ಮೇಳನವಾಗಲಿ, ಎಂಜಿನಿಯರುಗಳ ಸಮ್ಮೇಳನವಾಗಲಿ, ಸಂಘಟಕರಿಗೆ ಇಂಥ ರಿಯಾಯಿತಿ ಕೊಡುವುದು ಮಾರಾಟ ವಿಭಾಗದ ದಿನನಿತ್ಯದ ಕೆಲಸ. ಫೆಬ್ರವರಿ 24ರಂದು ಡೆಲ್ಟಾ ಇದನ್ನು ರದ್ದು ಮಾಡಿತು. ಯುನೈಟೆಡ್ ಏರ್‌ಲೈನ್ಸ್ ಕೂಡ ಮಾಡಿತು. ತಾನು ಯಾರ ಪರವೂ ಅಲ್ಲ, ತಟಸ್ಥ ಎಂದು ತೋರಿಸಿಕೊಳ್ಳುವುದು ಡೆಲ್ಟಾದ ಉದ್ದೇಶವಾಗಿತ್ತು.

ಆದರೆ ಯಾರೂ ಅದನ್ನು ತಟಸ್ಥ ಎಂದು ಓದಲಿಲ್ಲ. ಎರಡೇ ದಿನಕ್ಕೆ ಜಾರ್ಜಿಯಾದ ಲೆಫ್ಟಿನೆಂಟ್ ಗವರ್ನರ್ ಕೇಸಿ ಕೇಗಲ್ ಟ್ವೀಟ್ ಮಾಡಿದರು: ಡೆಲ್ಟಾ ಈ ನಿಲುವು ಬದಲಿಸದಿದ್ದರೆ ಅದಕ್ಕೆ ಅನುಕೂಲವಾಗುವ ಯಾವ ತೆರಿಗೆ ಮಸೂದೆಯನ್ನೂ ಮುಗಿಸಿಬಿಡುತ್ತೇನೆ ಎಂದು. ಆ ಹುದ್ದೆಯಲ್ಲಿರುವವರೇ ರಾಜ್ಯ ಸೆನೆಟ್ಟಿನ ಅಧ್ಯಕ್ಷರು. ಮೇಲಾಗಿ ಕೇಗಲ್ ಆ ವರ್ಷ ಗವರ್ನರ್ ಹುದ್ದೆಗೆ ರಿಪಬ್ಲಿಕನ್ ಟಿಕೆಟ್ ಬಯಸಿ ನಿಂತಿದ್ದರು. (ಅಲ್ಲಿ ಗವರ್ನರ್ ಎಂದರೆ ಜನರೇ ಆರಿಸುವ ಆಡಳಿತ ಮುಖ್ಯಸ್ಥ; ನಮ್ಮ ಮುಖ್ಯಮಂತ್ರಿಗೆ ಹತ್ತಿರ.) ಮಾರ್ಚ್ 1ರಂದು ಇಂಧನದ ಕಲಮನ್ನು ಮಾತ್ರ ಕತ್ತರಿಸಿ ಉಳಿದ ತೆರಿಗೆ ಮಸೂದೆಗೆ ಸೆನೆಟ್ ಒಪ್ಪಿಗೆ ಕೊಟ್ಟಿತು.

ಮರುದಿನ ಡೆಲ್ಟಾ ಮುಖ್ಯಸ್ಥ ಎಡ್ ಬ್ಯಾಸ್ಟಿಯನ್ ಸಿಬ್ಬಂದಿಗೆ ಪತ್ರ ಬರೆದರು. ನಮ್ಮ ಮೌಲ್ಯಗಳು ಮಾರಾಟಕ್ಕಿಲ್ಲ ಎಂದರು. ಆ ರಿಯಾಯಿತಿಯಲ್ಲಿ ಮಾರಾಟವಾಗಿದ್ದ ಟಿಕೆಟ್ ಎಷ್ಟು? ಹದಿಮೂರು. ಭಾಗಿಸಿ ನೋಡಿದರೆ ಒಂದೊಂದು ಟಿಕೆಟ್ಟಿಗೆ 30 ಲಕ್ಷ ಡಾಲರಿನಷ್ಟು ತೆರಿಗೆ ವಿನಾಯಿತಿ ಪಣಕ್ಕೆ ಬಿದ್ದಿತ್ತು.

ಮುಂದೆ ನಡೆದದ್ದಕ್ಕೆ ಪತ್ರಿಕೆಗಳಲ್ಲಿ ಸಿಕ್ಕ ಜಾಗ ಕಡಿಮೆ. ಅಭ್ಯರ್ಥಿಯನ್ನು ಆರಿಸುವ ಜುಲೈ 24ರ ರಿಪಬ್ಲಿಕನ್ ಪಕ್ಷದ ಒಳಚುನಾವಣೆಯಲ್ಲಿ ಕೇಗಲ್ ಸೋತರು, ಬ್ರಯನ್ ಕೆಂಪ್ ಗೆದ್ದರು. ಒಂದೇ ವಾರದೊಳಗೆ, ಜುಲೈ 30ರಂದು, ಗವರ್ನರ್ ನೇಥನ್ ಡೀಲ್ ಆದೇಶ ಹೊರಡಿಸಿ ಜೆಟ್ ಇಂಧನದ ತೆರಿಗೆ ವಸೂಲಿಯನ್ನು ನಿಲ್ಲಿಸಿದರು. ಶಾಸಕಾಂಗ ಮುಂದೆ ಸೇರುವ ತನಕ ತೆರಿಗೆ ವಸೂಲಿ ತಡೆಹಿಡಿಯುವ ಅಧಿಕಾರ ಅಲ್ಲಿಯ ಗವರ್ನರಿಗಿದೆ. ನವೆಂಬರಿನಲ್ಲಿ ಚಂಡಮಾರುತ ಪರಿಹಾರಕ್ಕೆಂದು ಕರೆದ ವಿಶೇಷ ಅಧಿವೇಶನದಲ್ಲಿ ಶಾಸಕರೂ ಅದಕ್ಕೆ ಮುದ್ರೆ ಒತ್ತಿದರು. ಹಾಗಾಗಿ ಬ್ಯಾಸ್ಟಿಯನ್ ಅವರ ಮಾತಿಗೆ ಕಂಪನಿ ತೆತ್ತ ಬೆಲೆ ಕೊನೆಗೆ ಹೆಚ್ಚೆಂದರೆ ಕೆಲವು ತಿಂಗಳ ತೆರಿಗೆಯಷ್ಟೇ.

2021ರದ್ದು ಇದಕ್ಕಿಂತ ತೊಡಕಿನ ಪ್ರಸಂಗ. ಡೆಲ್ಟಾ ನಿಜವಾಗಿ ಎಡವಿದ್ದು ಅಲ್ಲಿ.

ಮಾರ್ಚ್ 25ರಂದು, ಅಷ್ಟರಲ್ಲಿ ಗವರ್ನರ್ ಆಗಿದ್ದ ಕೆಂಪ್, ಎಸ್‌ಬಿ 202 ಎಂಬ ಚುನಾವಣಾ ಕಾಯ್ದೆಗೆ ಸಹಿ ಹಾಕಿದರು. ಅಂಚೆ ಮತಪತ್ರಕ್ಕೆ ಅರ್ಜಿ ಹಾಕಲು ಮೊದಲು ಚುನಾವಣೆಗೆ 180 ದಿನ ಮುಂಚಿನಿಂದ ಅವಕಾಶವಿತ್ತು. ಅದು 78 ದಿನಕ್ಕೆ ಇಳಿಯಿತು. ಸಹಿ ಹೋಲಿಸಿ ನೋಡುವ ಬದಲು ಗುರುತಿನ ಚೀಟಿಯ ಸಂಖ್ಯೆ ಕೇಳುವ ಪದ್ಧತಿ ಬಂತು. ಅಂಚೆ ಮತ ಹಾಕುವ ಪೆಟ್ಟಿಗೆಗಳ ಸಂಖ್ಯೆಗೆ ಮಿತಿ ಬಂತು. ಮತಗಟ್ಟೆಯಿಂದ 150 ಅಡಿಯೊಳಗೆ ಸರದಿಯಲ್ಲಿ ನಿಂತವರಿಗೆ ಹೊರಗಿನವರು ನೀರು, ತಿಂಡಿ ಹಂಚುವುದು ಅಪರಾಧವಾಯಿತು. ಇದು ಕಪ್ಪು ಮತದಾರರನ್ನು ಗುರಿಯಿಟ್ಟ ಕಾನೂನು ಎಂದು ವಿರೋಧಿಗಳು, ಚುನಾವಣೆಯ ಮೇಲೆ ನಂಬಿಕೆ ಮೂಡಿಸುವ ಕಾನೂನು ಎಂದು ಬೆಂಬಲಿಗರು ವಾದಿಸಿದರು. ಅಟ್ಲಾಂಟಾ ನೃಪತುಂಗ ಕನ್ನಡ ಕೂಟದ ಊರು. ಅಲ್ಲಿ ಅಮೆರಿಕದ ಪೌರತ್ವ ಪಡೆದ ಕನ್ನಡಿಗರು ಅಂಚೆ ಮತ ಹಾಕುವುದಾದರೆ ತುಂಬಬೇಕಾದ ಅರ್ಜಿಯೂ ಈ ಕಾಯ್ದೆಯದ್ದೇ.

ಮಾರ್ಚ್ 26ರಂದು ಡೆಲ್ಟಾ ಹೇಳಿಕೆ ಬಂತು. ಮಸೂದೆ ಸದನದಲ್ಲಿ ಹಾದುಬರುವಾಗ ಸಾಕಷ್ಟು ಸುಧಾರಿಸಿದೆ ಎನ್ನುವ ಧಾಟಿ ಅದರಲ್ಲಿತ್ತು. ತೆರೆಮರೆಯಲ್ಲಿ ಲಾಬಿ ಮಾಡುವವರ ಭಾಷೆಯೇ ಅದು: ಪೂರ್ತಿ ತಡೆಯಲಾಗದಿದ್ದರೆ ಕೆಟ್ಟ ಕಲಮುಗಳನ್ನು ತೆಗೆಸಿ, ಸಿಕ್ಕಿದ್ದಕ್ಕೆ ಧನ್ಯವಾದ ಹೇಳಿ ಬರುವುದು. ಶಾಸಕರ ಕೊಠಡಿಯಲ್ಲಿ ಅದು ನಡೆಯುತ್ತದೆ. ಹೊರಗೆ ಡೆಲ್ಟಾ ಬಹಿಷ್ಕಾರದ ಕೂಗೆದ್ದಿತು. ಮಾರ್ಚ್ 31ರಂದು 72 ಮಂದಿ ಕಪ್ಪು ಉದ್ಯಮ ನಾಯಕರು ಬಹಿರಂಗ ಪತ್ರ ಪ್ರಕಟಿಸಿ, ಕಂಪನಿಗಳು ಸುಮ್ಮನಿರಬಾರದು ಎಂದರು. ಅದೇ ದಿನ ಬ್ಯಾಸ್ಟಿಯನ್ ಹೊಸ ಪತ್ರ ಬರೆದರು. ಅಂತಿಮ ಮಸೂದೆಯನ್ನು ಒಪ್ಪಲಾಗದು, 2020ರ ಚುನಾವಣೆಯಲ್ಲಿ ಜಾರ್ಜಿಯಾದಲ್ಲಿ ವ್ಯಾಪಕ ಅಕ್ರಮ ನಡೆಯಿತು ಎಂಬ ಸುಳ್ಳೇ ಇಡೀ ಮಸೂದೆಯ ಆಧಾರ ಎಂದರು. ಕೋಕಾ ಕೋಲಾ ಮುಖ್ಯಸ್ಥರೂ ಅಂದೇ ವಿರೋಧ ಹೇಳಿದರು.

ಸಹಿ ಬಿದ್ದು ಆರು ದಿನವಾಗಿತ್ತು. ಕಂಪನಿಯ ಮಾತಿನಿಂದ ಆಗ ಒಂದು ಅಲ್ಪವಿರಾಮವೂ ಬದಲಾಗುವಂತಿರಲಿಲ್ಲ. ಶುಕ್ರವಾರ ಸುಧಾರಣೆ ಎಂದದ್ದನ್ನು ಬುಧವಾರ ಸುಳ್ಳಿನ ಮೇಲೆ ನಿಂತದ್ದು ಎಂದಾಗ ಎರಡೂ ಕಡೆಯವರು ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ನಿಜವಾದ ಅಭಿಪ್ರಾಯ ಯಾವುದು? ನಮ್ಮ ಜೊತೆ ಮಾತುಕತೆಯಲ್ಲಿ ಕಂಪನಿ ಹೇಳಿದ್ದಕ್ಕೂ ಈಗ ಹೇಳುವುದಕ್ಕೂ ತಾಳಮೇಳವಿಲ್ಲ ಎಂದು ಕೆಂಪ್ ತಿರುಗಿಬಿದ್ದರು. ನಾನು ಡೆಲ್ಟಾ ವಿಮಾನ ಹತ್ತುವಾಗಲೂ ಭಾವಚಿತ್ರವಿರುವ ಗುರುತಿನ ಚೀಟಿ ತೋರಿಸಬೇಕಾಯಿತು ಎಂಬ ಚುಚ್ಚುಮಾತು ಬೇರೆ. ಆ ನಿಯಮ ವಿಮಾನ ಕಂಪನಿಯದ್ದಲ್ಲ, ಕೇಂದ್ರ ಸರ್ಕಾರದ ಭದ್ರತಾ ಇಲಾಖೆಯದ್ದು. ಆದರೆ ಇಂಥ ಮಾತಿಗೆ ಉತ್ತರ ಕೊಡಲು ಹೊರಟವರು ಆಗಲೇ ಸೋತಿರುತ್ತಾರೆ.

ಅಂದೇ ಜಾರ್ಜಿಯಾ ಅಧಿವೇಶನದ ಕೊನೆಯ ದಿನ. ಕೆಳಮನೆ 97ಕ್ಕೆ 73 ಮತಗಳಿಂದ ಇಂಧನ ತೆರಿಗೆ ವಿನಾಯಿತಿ ರದ್ದು ಮಾಡುವ ಮಸೂದೆ ಪಾಸು ಮಾಡಿತು. ಕೈ ಕಚ್ಚುವ ನಾಯಿಗೆ ಅನ್ನ ಹಾಕಬಾರದು ಎಂಬರ್ಥದ ಮಾತನ್ನು ಸ್ಪೀಕರ್ ಡೇವಿಡ್ ರಾಲ್‌ಸ್ಟನ್ ಸುದ್ದಿಗಾರರ ಮುಂದೆಯೇ ಹೇಳಿದರು. ಆ ರಾತ್ರಿ ಸೆನೆಟ್ ಅದನ್ನು ಕೈಗೆತ್ತಿಕೊಳ್ಳದೆ ಮನೆಗೆ ಹೋಯಿತು, ವಿನಾಯಿತಿ ಉಳಿಯಿತು. ಕೆಳಮನೆಯ ಶಾಸಕರು ಸಿಟ್ಟು ದಾಖಲಿಸಿದರು, ತೆರಿಗೆ ಮಾತ್ರ ಹೆಚ್ಚಲಿಲ್ಲ. ಇಬ್ಬರಿಗೂ ಬೇಕಾದದ್ದು ಸಿಕ್ಕಿತು ಎನ್ನಬೇಕು.

ಹೊತ್ತು ತಪ್ಪದೆ ಮಾತಾಡಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ರಾಜ್ಯದ 2016ರ ಉದಾಹರಣೆಯಿದೆ. ಧಾರ್ಮಿಕ ಸ್ವಾತಂತ್ರ್ಯದ ಹೆಸರಿನಲ್ಲಿ ಬಂದ ಮಸೂದೆಯೊಂದು ಸಲಿಂಗಿಗಳ ವಿರುದ್ಧ ತಾರತಮ್ಯಕ್ಕೆ ದಾರಿ ಮಾಡುತ್ತದೆ ಎಂಬ ಆಕ್ಷೇಪ ಎದ್ದಿತ್ತು. ಮಸೂದೆ ಗವರ್ನರ್ ಮೇಜಿನ ಮೇಲಿದ್ದಾಗಲೇ, ಕಾನೂನಾದರೆ ಚಿತ್ರೀಕರಣವನ್ನು ಬೇರೆಡೆಗೆ ಒಯ್ಯುತ್ತೇನೆ ಎಂದು ಡಿಸ್ನಿ ಹೇಳಿತು. ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಅಂತಿಮ ಪಂದ್ಯ, ಅಟ್ಲಾಂಟಾದ ಕೈತಪ್ಪಬಹುದು ಎಂಬ ಮಾತೂ ಎದ್ದಿತು. ಮಾರ್ಚ್ 28ರಂದು ಡೀಲ್ ಅದನ್ನು ತಿರಸ್ಕರಿಸಿದರು. ಚಿತ್ರೀಕರಣದ ತಂಡ ಕ್ಯಾಮೆರಾ ಲಾರಿಗೆ ಹೇರಿಕೊಂಡು ಹೊರಡಬಲ್ಲದು. ಅದರ ಬೆದರಿಕೆಗೆ ತೂಕವಿತ್ತು. ಡೆಲ್ಟಾ ಕೈಯಲ್ಲಿ ಆ ಆಯುಧವಿಲ್ಲ. ಹಾಗಾಗಿ ಸಹಿ ಬೀಳುವ ಮುನ್ನ ಮಾತಾಡುವ ಅಗತ್ಯ ಅದಕ್ಕೆ ಇನ್ನೂ ಹೆಚ್ಚಿತ್ತು.

ಟೆಕ್ಸಸ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್ ಬೇರೆ ಥರ ಸಿಕ್ಕಿಬಿತ್ತು. 2021ರ ಏಪ್ರಿಲ್ 1ರಂದು, ಅಲ್ಲಿಯ ಚುನಾವಣಾ ಮಸೂದೆ ಸೆನೆಟ್ ದಾಟಿದ ಬೆನ್ನಿಗೇ, ಅದು ವಿರೋಧ ಪ್ರಕಟಿಸಿತು. ಸಮಯ ಸರಿಯಿತ್ತು. ಆದರೆ ಮಸೂದೆಯನ್ನು ತಾವೂ ಓದಿಲ್ಲ, ತಮ್ಮ ಮುಖ್ಯಸ್ಥರೂ ಓದಿಲ್ಲ ಎಂದು ಕಂಪನಿಯ ಸರ್ಕಾರಿ ಸಂಪರ್ಕಾಧಿಕಾರಿಯೇ ಒಪ್ಪಿಕೊಂಡರು ಎಂದು ಲೆಫ್ಟಿನೆಂಟ್ ಗವರ್ನರ್ ಡ್ಯಾನ್ ಪ್ಯಾಟ್ರಿಕ್ ಸಾರಿದರು. ಮರುದಿನದ ಸುದ್ದಿಯಲ್ಲಿ ಮಸೂದೆಯಷ್ಟೇ ಈ ಮಾತೂ ಓಡಾಡಿತು. ಸ್ವಲ್ಪ ಬದಲಾದ ರೂಪದಲ್ಲಿ ಆ ಮಸೂದೆಗೆ ಸೆಪ್ಟೆಂಬರಿನಲ್ಲಿ ಗವರ್ನರ್ ಸಹಿ ಬಿದ್ದೇ ಬಿತ್ತು.

ಇನ್ನು ದುಡ್ಡಿನ ಮಾತು. ಅಮೆರಿಕದ ಸಂಸತ್ತಿಗೆ ನಿಲ್ಲುವ ಅಭ್ಯರ್ಥಿಗೆ ಕಂಪನಿ ತನ್ನ ಖಜಾನೆಯಿಂದ ನೇರವಾಗಿ ಹಣ ಕೊಡುವಂತಿಲ್ಲ, 1907ರಿಂದಲೇ ನಿಷೇಧವಿದೆ. ಅದಕ್ಕೆ ಪ್ಯಾಕ್ ಎಂಬ ಪ್ರತ್ಯೇಕ ನಿಧಿ ಮಾಡುತ್ತಾರೆ. ಷೇರುದಾರರು, ಅಧಿಕಾರಿಗಳು ಸ್ವಇಚ್ಛೆಯಿಂದ ವರ್ಷಕ್ಕೆ ತಲಾ 5,000 ಡಾಲರ್ ತನಕ ಹಾಕಬಹುದು. ನಿಧಿಯಿಂದ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 5,000 ಡಾಲರ್ ಕೊಡಬಹುದು. ಜಾರ್ಜಿಯಾ ರಾಜ್ಯದ ಚುನಾವಣೆಗಳಲ್ಲಿ ಕಂಪನಿಗಳು ಮಿತಿಯೊಳಗೆ ನೇರವಾಗಿಯೂ ಕೊಡಬಹುದು. ಈ ಲೆಕ್ಕಗಳೆಲ್ಲ ಸಾರ್ವಜನಿಕ. ಹಾಗಾಗಿ ಕಂಪನಿ ಒಂದು ಮಸೂದೆಯನ್ನು ಖಂಡಿಸಿದ ಮರುಗಳಿಗೆಯೇ, ಅದನ್ನು ಮಂಡಿಸಿದವರ ಪ್ರಚಾರ ನಿಧಿಗೆ ಇದೇ ಕಂಪನಿಯ ಹಣ ಹೋಗಿದೆ ಎಂದು ಪತ್ರಕರ್ತರು ಪಟ್ಟಿ ಹೊರಗೆ ತೆಗೆಯುತ್ತಾರೆ. 2021ರಲ್ಲೂ ತೆಗೆದರು. ಆಗಲೇ ರಿಪಬ್ಲಿಕನ್ ನಾಯಕ ಮಿಚ್ ಮೆಕಾನಲ್ ಕಂಪನಿ ಮುಖ್ಯಸ್ಥರಿಗೆ ರಾಜಕೀಯದಿಂದ ದೂರವಿರಿ ಎಂದು ಬುದ್ಧಿ ಹೇಳಿ, ದೇಣಿಗೆಯ ವಿಷಯ ಮಾತ್ರ ನಾನು ಹೇಳುತ್ತಿಲ್ಲ ಎಂದು ಸೇರಿಸಿದರು. ಆ ವರ್ಷದ ಅತಿ ಪ್ರಾಮಾಣಿಕ ವಾಕ್ಯ ಬಹುಶಃ ಅದೇ. ನಮ್ಮಲ್ಲಿ ಇಷ್ಟು ಸುತ್ತುಬಳಸು ಇಲ್ಲ ಬಿಡಿ. ಕಿಂಗ್‌ಫಿಷರ್ ವಿಮಾನಗಳು ಹಾರುತ್ತಿದ್ದ ಕಾಲದಲ್ಲಿ ಅದರ ಮಾಲೀಕರು ಕರ್ನಾಟಕದಿಂದಲೇ ರಾಜ್ಯಸಭೆಯಲ್ಲಿ ಕೂತಿದ್ದರು.

ಯಾರ ಅಪ್ಪಣೆಯೂ ಬೇಕಿಲ್ಲದ ಕಡೆ ಇದೇ ಡೆಲ್ಟಾ ನಡೆದುಕೊಂಡ ರೀತಿ ಬೇರೆ. 2021ರ ಆಗಸ್ಟ್‌ನಲ್ಲಿ, ಕೋವಿಡ್ ಲಸಿಕೆ ಹಾಕಿಸಿಕೊಳ್ಳದ ಸಿಬ್ಬಂದಿ ಕಂಪನಿಯ ಆರೋಗ್ಯ ವಿಮೆಯಲ್ಲಿದ್ದರೆ ನವೆಂಬರ್ 1ರಿಂದ ತಿಂಗಳಿಗೆ 200 ಡಾಲರ್ ಹೆಚ್ಚು ಕಟ್ಟಬೇಕು ಎಂದು ಘೋಷಿಸಿತು. ಲಸಿಕೆ ಆಗ ಅಮೆರಿಕದಲ್ಲಿ ಬಿಸಿಬಿಸಿ ರಾಜಕೀಯ. ಯುನೈಟೆಡ್ ಲಸಿಕೆಯನ್ನು ಕಡ್ಡಾಯ ಮಾಡಿ ಮೊಕದ್ದಮೆ ಎದುರಿಸಿತು. ಡೆಲ್ಟಾ ಮೌಲ್ಯದ ಮಾತೇ ಎತ್ತಲಿಲ್ಲ. ಕೋವಿಡ್‌ನಿಂದ ಆಸ್ಪತ್ರೆ ಸೇರಿದ ಒಬ್ಬೊಬ್ಬ ನೌಕರನಿಗೆ ಸರಾಸರಿ 50,000 ಡಾಲರ್ ಖರ್ಚಾಗಿದೆ ಎಂಬ ಒಂದು ಅಂಕಿಯನ್ನು ಮುಂದಿಟ್ಟಿತು. ಅಕ್ಟೋಬರ್ ಮಧ್ಯದ ಹೊತ್ತಿಗೆ ಸುಮಾರು ಶೇಕಡ 90ರಷ್ಟು ಸಿಬ್ಬಂದಿ ಲಸಿಕೆ ಹಾಕಿಸಿಕೊಂಡಿದ್ದರು. 2022ರ ಏಪ್ರಿಲಿನಲ್ಲಿ ಆ ಶುಲ್ಕವನ್ನು ಸದ್ದಿಲ್ಲದೆ ಕೈಬಿಟ್ಟರು.

ಜಾರ್ಜಿಯಾ ಕಾಯ್ದೆಯ ವಿರುದ್ಧ ಕೇಂದ್ರದ ನ್ಯಾಯಾಂಗ ಇಲಾಖೆ 2021ರ ಜೂನ್‌ನಲ್ಲಿ ಹೂಡಿದ್ದ ಮೊಕದ್ದಮೆಯನ್ನು, ಸರ್ಕಾರ ಬದಲಾದ ಮೇಲೆ 2025ರ ಮಾರ್ಚ್‌ನಲ್ಲಿ ಹಿಂತೆಗೆದುಕೊಳ್ಳಲಾಯಿತು. ಆ ಕಾಯ್ದೆಯನ್ನು ಪ್ರತಿಭಟಿಸಿ 2021ರಲ್ಲಿ ತನ್ನ ಆಲ್-ಸ್ಟಾರ್ ಪಂದ್ಯವನ್ನು ಅಟ್ಲಾಂಟಾದಿಂದ ಡೆನ್ವರಿಗೆ ಒಯ್ದಿದ್ದ ಬೇಸ್‌ಬಾಲ್ ಲೀಗ್, 2025ರ ಜುಲೈನಲ್ಲಿ ಅದೇ ಪಂದ್ಯವನ್ನು ಮರಳಿ ಅಟ್ಲಾಂಟಾದಲ್ಲೇ ಆಡಿಸಿತು. ಕಾಯ್ದೆ ಆಗಲೂ ಜಾರಿಯಲ್ಲೇ ಇತ್ತು.

ನಮಸ್ಕಾರ.