ಹೇಳಿದರೆ ತಾನೆ ಗೊತ್ತಾಗೋದು

ಕೇಳುಗರಿಗೆ ನಮಸ್ಕಾರ.

ಹೈಸ್ಕೂಲು ಹುಡುಗನೊಬ್ಬ ಗಾಂಜಾ ಸೇದಿ ಸಿಕ್ಕಿಬಿದ್ದ ಅಂದರೆ ಓಣಿಯವರ ಬಾಯಲ್ಲಿ ಮೊದಲು ಬರುವ ಮಾತು: ‘ಅಪ್ಪ ಅಮ್ಮ ಏನು ಮಾಡ್ತಿದ್ರು? ಒಂದು ಕಣ್ಣಿಡಬಾರದಾಗಿತ್ತಾ?’ ಈ ಕಣ್ಣಿಡುವ ವಿಚಾರವನ್ನೇ ಇವತ್ತು ಮಾತಾಡೋಣ.

ಸ್ವೀಡನ್ನಿನಲ್ಲಿ ಹೋಕನ್ ಸ್ಟಾಟಿನ್, ಮಾರ್ಗರೆಟ್ ಕೆರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಹದಿನಾಲ್ಕರ ವಯಸ್ಸಿನ 703 ಮಕ್ಕಳನ್ನೂ ಅವರ ಹೆತ್ತವರನ್ನೂ ಮಾತಾಡಿಸಿ 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಕ್ಕಳು ಎಲ್ಲಿ, ಯಾರ ಜೊತೆ ಇರುತ್ತಾರೆ ಅನ್ನುವುದು ಗೊತ್ತಿರುವ ಮನೆಗಳಲ್ಲಿ ಪುಂಡಾಟ ಕಡಿಮೆ ಅನ್ನುವುದು ಹಳೆಯ ಮಾತು. ಇವರು ಕೇಳಿದ್ದು ಅದರ ಮುಂದಿನ ಪ್ರಶ್ನೆ: ಆ ಹೆತ್ತವರಿಗೆ ಗೊತ್ತಾದದ್ದಾದರೂ ಹೇಗೆ? ಕೆದಕಿ ಕೇಳಿದ್ದರಿಂದಲೋ, ಕಟ್ಟುಪಾಡು ಹಾಕಿದ್ದರಿಂದಲೋ ಅಲ್ಲ. ಬಹುಪಾಲು, ಮಕ್ಕಳೇ ತಾವಾಗಿ ಬಂದು ಹೇಳಿದ್ದರಿಂದ!

ಹಾಗಾದರೆ ಕಟ್ಟುಪಾಡೇ ಬೇಡವೇ? ಐಸ್‌ಲ್ಯಾಂಡ್ ನೋಡಿ. ಅಲ್ಲಿ ಚಳಿಗಾಲದಲ್ಲಿ ಹದಿಮೂರರಿಂದ ಹದಿನಾರರ ಮಕ್ಕಳು ರಾತ್ರಿ ಹತ್ತರ ಮೇಲೆ ದೊಡ್ಡವರಿಲ್ಲದೆ ಹೊರಗಿರುವಂತಿಲ್ಲ. ಸಂಜೆ ಅಪ್ಪ ಅಮ್ಮಂದಿರೇ ಗುಂಪಾಗಿ ಬೀದಿ ಸುತ್ತುತ್ತಾರೆ. ಹಿಂದಿನ ತಿಂಗಳಲ್ಲಿ ಒಮ್ಮೆಯಾದರೂ ಕುಡಿದು ಅಮಲೇರಿಸಿಕೊಂಡಿದ್ದೆವು ಎಂದ ಹದಿನೈದು ಹದಿನಾರರ ಮಕ್ಕಳು 1998ರಲ್ಲಿ ಶೇ. 42, 2016ಕ್ಕೆ ಶೇ. 5. ಕ್ರೀಡೆ, ಸಂಗೀತದ ತರಗತಿಗೆ ಸರ್ಕಾರ ದುಡ್ಡು ಸುರಿದದ್ದೂ ಇದರಲ್ಲಿ ಸೇರಿದೆ ಅನ್ನಿ. ಆದರೆ ಆ ನಿಯಮ ಊರಿಗೆಲ್ಲ ಒಂದೇ. ‘ನನ್ನೊಬ್ಬನಿಗೇ ಯಾಕೆ’ ಅಂತ ಹುಡುಗ ಮುನಿಯುವ ಹಾಗಿಲ್ಲ. ಮಗ ಮಲಗಿದ ಮೇಲೆ ಅವನ ಮೊಬೈಲು ಬಿಚ್ಚಿ ನೋಡುವುದು ಬೇರೆಯೇ ಜಾತಿಯ ಕೆಲಸ.

ನಮ್ಮಲ್ಲಿಗೆ ಬರೋಣ. ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಹೊರಬಂತು. ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡ ಅಮಲು ಒಂದೇ: ಮೂಸುವ ಪದಾರ್ಥಗಳದು. ವೈಟ್‌ನರ್, ಪಂಕ್ಚರ್ ಹಾಕುವ ಸೊಲ್ಯೂಷನ್ ಇಂಥವು. ಮಕ್ಕಳಲ್ಲಿ ಶೇ. 1.17, ದೊಡ್ಡವರಲ್ಲಿ ಶೇ. 0.58. ಸ್ಟೇಷನರಿ ಅಂಗಡಿಯ ಸಾಮಾನು. ಜೇಬು ತಡಕಿದರೂ ಅನುಮಾನ ಬರುವುದಿಲ್ಲ.

ಊಟದ ಹೊತ್ತಿಗೆ ಮಗಳು, ‘ಅಮ್ಮಾ, ನಮ್ಮ ಕ್ಲಾಸಲ್ಲಿ ಒಬ್ಬ ವೈಟ್‌ನರ್ ಮೂಸ್ತಾನೆ’ ಅಂದಳು ಅಂತಿಟ್ಟುಕೊಳ್ಳಿ. ‘ಅಂಥೋರ ಸಹವಾಸ ಮಾಡಿದ್ರೆ ಕಾಲು ಮುರೀತೀನಿ’ ಅಂದರೆ ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಹುಳಿ ಬಡಿಸುತ್ತಲೇ ‘ಹೌದಾ, ಆಮೇಲೆ?’ ಅಂದು ನೋಡಿ.

ನಮಸ್ಕಾರ.