ಮರಿ ಶೆಡ್ಡಿನ ಪರದೆ ಪೂರ್ತಿ ಮುಚ್ಚಬೇಡಿ

ನಮಸ್ಕಾರ. ಧನುರ್ಮಾಸದ ಚಳಿ ಶುರುವಾಗುವ ಮೊದಲೇ ಕೋಳಿ ಸಾಕುವವರ ಜೊತೆ ಒಂದು ವಿಷಯ ಮಾತಾಡಬೇಕು. ಮಂಡ್ಯದ ನಾಲೆ ಬಯಲಲ್ಲಿರಲಿ, ಇತ್ತ ಹುಣಸೂರು ಕಡೆ ಇರಲಿ, ಚಳಿ ಬಿದ್ದ ಕೂಡಲೇ ಮರಿ ಶೆಡ್ಡಿನ ಪರದೆಗಳನ್ನು ಪೂರ್ತಿ ಮುಚ್ಚಿಬಿಡುತ್ತಾರೆ. ಸಂದಿ ಕಂಡ ಕಡೆ ಗೋಣಿಚೀಲ ತುರುಕುತ್ತಾರೆ. ಒಳಗೆ ಗ್ಯಾಸಿನ ಬಿಸಿಗಾಳಿ ಹೀಟರು ರಾತ್ರಿಯೆಲ್ಲ ಉರಿಯುತ್ತಿರುತ್ತದೆ. ಬಿಸಿ ಹೊರಗೆ ಹೋದರೆ ಗ್ಯಾಸ್ ದಂಡ ಅನ್ನುವ ಲೆಕ್ಕ. ಈ ಲೆಕ್ಕ ತಪ್ಪು. ಇದರಿಂದ ಮರಿಗೂ ಕೇಡು, ಅಲ್ಲೇ ಮಲಗುವ ಮನುಷ್ಯನಿಗೂ ಕೇಡು.

ಯಾಕೆ ಅಂತ ನೋಡಿ. ಅನೇಕ ಶೆಡ್ಡುಗಳಲ್ಲಿ ಇರುವುದು ಹೊಗೆ ಕೊಳವೆ ಇಲ್ಲದ ಹೀಟರು. ಗ್ಯಾಸ್ ಉರಿದು ಏನೇನು ಹುಟ್ಟುತ್ತದೋ ಅದೆಲ್ಲ ಫ್ಯಾನಿನ ಗಾಳಿಯ ಜೊತೆ ಶೆಡ್ಡಿನೊಳಕ್ಕೇ ಬರುತ್ತದೆ. ಅದರಲ್ಲಿ ನೀರೂ ಇದೆ. ಒಂದು ಕೆಜಿ ಎಲ್‌ಪಿಜಿ ಉರಿದರೆ ಒಂದೂವರೆ ಕೆಜಿಗಿಂತ ಜಾಸ್ತಿ ನೀರು ಆವಿಯಾಗಿ ಹೊರಬರುತ್ತದೆ. 19 ಕೆಜಿಯ ಒಂದು ಸಿಲಿಂಡರ್ ಖಾಲಿಯಾದರೆ ಹತ್ತಿರ ಹತ್ತಿರ 30 ಲೀಟರ್ ನೀರನ್ನು ಶೆಡ್ಡಿಗೆ ಬಿಟ್ಟ ಹಾಗಾಯಿತು. ಪರದೆ ಮುಚ್ಚಿದ್ದರೆ ಆ ಆವಿ ಎಲ್ಲಿಗೆ ಹೋಗಬೇಕು? ನೆಲಕ್ಕೆ ಹಾಸಿದ ಭತ್ತದ ಹೊಟ್ಟಿಗೇ ಇಳಿಯುತ್ತದೆ. ಹೊಟ್ಟು ಒದ್ದೆಯಾದರೆ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಕಣ್ಣು ಉರಿಯುತ್ತದಲ್ವಾ, ಅದೇ. ನೀವು ನಿಂತಿರುವ ಎತ್ತರದಲ್ಲೇ ಹಾಗಾದರೆ, ಹೊಟ್ಟಿನ ಮೇಲೆ ಮೂಗಿಟ್ಟು ಬದುಕುವ ಮರಿಯ ಗತಿ ಏನು? ಆಮೇಲೆ ಮರಿಗಳು ಕೆಮ್ಮುತ್ತವೆ, ಕೆಲವಕ್ಕೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಈ ಸಲ ಬಂದ ಮರಿಯೇ ಸರಿ ಇಲ್ಲ ಅಂತ ನಾವು ಔಷಧಿ ಹುಡುಕಲು ಹೊರಡುತ್ತೇವೆ.

ಇದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಉರಿಗೆ ಸಾಕಷ್ಟು ಗಾಳಿ ಸಿಗದೆ ಹೋದರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಡಿದು ಕೂರುತ್ತದೆ. ಮೊದಲು ತಲೆನೋವು, ವಾಕರಿಕೆ, ಸುಸ್ತು. ನೆಗಡಿ ಜ್ವರ ಇರಬೇಕು ಅಂತ ಜನ ಕಂಬಳಿ ಹೊದ್ದು ಮಲಗುತ್ತಾರೆ. ಮಲಗಿದವರು ಏಳದೆಯೇ ಹೋಗಬಹುದು. ಮೊದಲ ವಾರ ರಾತ್ರಿ ಎದ್ದೆದ್ದು ಮರಿ ನೋಡಬೇಕು ಅಂತ ಶೆಡ್ಡಿನೊಳಗೇ ಹಾಸಿಗೆ ಹಾಕುವ ರೂಢಿ ಇದೆ. ಕೆಲವು ಕಡೆ ಕೆಲಸಕ್ಕೆ ಬಂದ ಗಂಡ ಹೆಂಡತಿ, ಮಕ್ಕಳ ಸಮೇತ ಅಲ್ಲೇ ಇರುತ್ತಾರೆ. ದಯವಿಟ್ಟು ಇದನ್ನು ನಿಲ್ಲಿಸಿ. ಹೀಟರು ಉರಿಯುವ ಶೆಡ್ಡಿನಲ್ಲಿ ಯಾರೂ ಮಲಗಬಾರದು, ಒಂದು ರಾತ್ರಿಯೂ ಬೇಡ. ಪಕ್ಕದಲ್ಲಿ ಒಂದು ಕೋಣೆ ಕಟ್ಟಿಕೊಡಿ. ಶೆಡ್ಡಿನೊಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಡಿ.

ಹಾಗಾದರೆ ಮರಿಗೆ ಚಳಿಯಾಗಲ್ವಾ ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಮೊದಲ ದಿನಗಳಲ್ಲಿ ಮರಿಗೆ 32-33 ಡಿಗ್ರಿ ಬೇಕೇ ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಹೋಗಬಹುದು. ಗಾಳಿ ಬಿಡಬೇಕಾದದ್ದು ಕೆಳಗಿಂದ ಅಲ್ಲ, ಮೇಲಿಂದ. ಪರದೆಯನ್ನು ಕೆಳಗೆ ಭದ್ರವಾಗಿ ಕಟ್ಟಿ, ಮೇಲ್ಗಡೆ ಒಂದು ಗೇಣು ಬಿಡಿ. ತಣ್ಣನೆ ಗಾಳಿ ನೇರವಾಗಿ ಮರಿಗೆ ಹೊಡೆಯುವುದಿಲ್ಲ, ಬಿಸಿಯ ಜೊತೆ ಬೆರೆತು ಇಳಿಯುತ್ತದೆ. ಗ್ಯಾಸ್ ಉಳಿಸಲೇಬೇಕು ಅಂದರೆ ಅಡ್ಡ ಪರದೆ ಕಟ್ಟಿ ಅರ್ಧ ಶೆಡ್ಡನ್ನು ಮಾತ್ರ ಕಾಯಿಸಿ. ಥರ್ಮಾಮೀಟರನ್ನು ಮರಿಯ ಬೆನ್ನಿನ ಎತ್ತರಕ್ಕೆ ತೂಗುಹಾಕಿ, ನಿಮ್ಮ ಕಣ್ಣಿನ ಎತ್ತರಕ್ಕಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಮರಿಗಳನ್ನೇ ನೋಡಿ. ಒಂದರ ಮೇಲೊಂದು ಗುಂಪುಗಟ್ಟಿದರೆ ಚಳಿ. ಹೀಟರಿನಿಂದ ದೂರ ಸರಿದು ಬಾಯಿ ತೆರೆದರೆ ಬಿಸಿ ಜಾಸ್ತಿ. ಎಲ್ಲ ಕಡೆ ಹರಡಿಕೊಂಡಿದ್ದರೆ ಸರಿಯಾಗಿದೆ.

ಹೀಟರಿನ ಆರೈಕೆ ಕಷ್ಟದ ಕೆಲಸವೇನಲ್ಲ, ಆದರೆ ಮರಿ ಬರುವ ಮೊದಲೇ ಆಗಬೇಕು. ಕೋಳಿ ಪುಕ್ಕದ ಧೂಳು, ಹೊಟ್ಟಿನ ಧೂಳು ಫ್ಯಾನಿಗೂ ಗಾಳಿ ಎಳೆಯುವ ಜಾಲರಿಗೂ ಮೆತ್ತಿಕೊಳ್ಳುತ್ತದೆ. ಬರ್ನರಿನ ಕೊಳವೆಯಲ್ಲಿ ಜೇಡ ಬಲೆ ಕಟ್ಟಿರುತ್ತದೆ. ಬ್ಯಾಚ್ ಎತ್ತಿದ ಮೇಲೆ ಗ್ಯಾಸ್ ಮತ್ತು ಕರೆಂಟು ಎರಡನ್ನೂ ತೆಗೆದು, ಬ್ರಷ್ಷಿನಿಂದ ಕ್ಲೀನ್ ಮಾಡಿ. ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಜೆಟ್ಟಿಗೆ ತಂತಿ ಹಾಕಿ ಕೆದಕಬೇಡಿ, ತೂತು ದೊಡ್ಡದಾಗುತ್ತದೆ. ಉರಿ ನೀಲಿಯಾಗಿರಬೇಕು. ಹಳದಿಗೆ ತಿರುಗಿದರೆ ಗಾಳಿ ಸಾಲುತ್ತಿಲ್ಲ ಇಲ್ಲವೇ ಕೊಳೆ ಇದೆ ಅಂತ ಅರ್ಥ. ಉರಿ ಆರಿದರೆ ಗ್ಯಾಸನ್ನು ತಾನೇ ನಿಲ್ಲಿಸುವ ಒಂದು ಪುಟ್ಟ ಭಾಗ ಇದೆ, ಥರ್ಮೋಕಪಲ್ ಅಂತ. ಅದು ಕೆಟ್ಟಾಗ ಹೀಟರಿನ ಗ್ಯಾಸ್ ಬಟನ್ನನ್ನು ಒತ್ತಿ ಹಿಡಿದ ಹಾಗೆ ಕಟ್ಟಿ ಕೆಲಸ ಸಾಗಿಸುವವರಿದ್ದಾರೆ. ಇದನ್ನು ನೆನೆದರೇ ನನಗೆ ಎದೆ ಹೊಡೆದುಕೊಳ್ಳುತ್ತದೆ. ಉರಿ ಆರಿ ಗ್ಯಾಸ್ ಹರಿಯುತ್ತಲೇ ಇದ್ದರೆ ಅದು ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ಕಿಡಿಗೆ ಕಾಯುತ್ತದೆ. ಹೊಸ ಭಾಗ ಹಾಕಿಸುವ ತನಕ ಆ ಹೀಟರು ಹಚ್ಚಬೇಡಿ.

ಸಿಲಿಂಡರ್ ಶೆಡ್ಡಿನ ಹೊರಗೆ, ನೆರಳಲ್ಲಿ, ನೆಟ್ಟಗೆ ನಿಂತಿರಲಿ. ಚಳಿ ರಾತ್ರಿ ಮೈಮೇಲೆ ಮಂಜು ಕಟ್ಟಿ ಉರಿ ಸಣ್ಣದಾದಾಗ ಅದನ್ನು ಅಡ್ಡ ಮಲಗಿಸುತ್ತಾರೆ. ಆಗ ದ್ರವವೇ ಹೀಟರಿಗೆ ನುಗ್ಗಿ ಉರಿ ಭುಗಿಲೇಳಬಹುದು. ಅದರ ಬದಲು ಎರಡು ಸಿಲಿಂಡರ್ ಜೋಡಿಸಿಕೊಳ್ಳಿ. ಪೈಪನ್ನು ಇಲಿ ಕಡಿದಿದೆಯಾ ಅಂತ ಸೋಪಿನ ನೀರು ಹಚ್ಚಿ ನೋಡಿ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಸಿಲಿಂಡರ್ ಬಂದ್ ಮಾಡಿ, ಎಲ್ಲರನ್ನೂ ಹೊರಗೆ ಕಳಿಸಿ, ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಹೊರಗಿನಿಂದ ಫೋನ್ ಮಾಡಿ.

ಇಷ್ಟೆಲ್ಲ ರೈತನಿಗೇ ಹೇಳಿ ಸುಮ್ನಾದರೆ ಅನ್ಯಾಯ. ಕೋಳಿ ಕಂಪನಿಗೆ ಮರಿ ಸಾಕಿಕೊಡಲು ರೈತರು ಮಾಡಿಕೊಳ್ಳುವ ಅನೇಕ ಒಪ್ಪಂದಗಳಲ್ಲಿ ಮರಿ, ಮೇವು, ಔಷಧಿ ಕಂಪನಿಯದ್ದು. ಶೆಡ್ಡು, ಕೂಲಿ, ಗ್ಯಾಸು ರೈತನದ್ದು. ಗ್ಯಾಸಿನ ಬಿಲ್ಲು ತನ್ನ ಜೇಬಿಗೇ ಬೀಳುವುದರಿಂದಲೇ ಅವನು ಗೋಣಿಚೀಲ ತುರುಕುವುದು. ಬದುಕಿದ ಮರಿಯ ಲಾಭದಲ್ಲಿ ಕಂಪನಿಗೂ ಪಾಲಿದೆ, ಹಾಗಾಗಿ ಚಳಿಗಾಲದ ಗ್ಯಾಸಿನ ಖರ್ಚಿನಲ್ಲೂ ಪಾಲು ಇರಬೇಕು. ಮರಿ ತೂಕ ನೋಡಲು ಬರುವ ಸೂಪರ್‌ವೈಸರ್ ಹೀಟರಿನ ಉರಿಯನ್ನೂ ಬಗ್ಗಿ ನೋಡಲಿ. ಮುಂದಿನ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಊರಿನ ಸಾಕಣೆದಾರರೆಲ್ಲ ಒಟ್ಟಾಗಿ ಹೋಗಿ ಈ ಮಾತು ಎತ್ತಿ, ಅಲಾರಮ್ಮನ್ನೂ ಒಪ್ಪಂದದಲ್ಲೇ ಬರೆಸಿ.